ಭಾನುವಾರದ ಕನ್ನಡ ಕ್ಲಾಸಿಗೆ ಬರುವ ಸ್ವಯಂಸೇವಕರಿಗೆ

ಡೊಂಬಿವಲಿಯ ನಮ್ಮ ಕ್ಲಾಸಿಗೆ ಹೊಸದಾಗಿ ಬರುತ್ತಿರುವ ಅಕ್ಕ-ಅಣ್ಣಂದಿರೇ, ಮಗುವನ್ನು ಒಂಟಿಯಾಗಿ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಹೇಳಬೇಡಿ. ಬಾಗಿಲು ತೆರೆದಿರಲಿ, ಇನ್ನೊಬ್ಬರು ಕಣ್ಣಳತೆಯಲ್ಲಿರಲಿ. ಕ್ಲಾಸ್ ಬಿಟ್ಟಮೇಲೆ ಹೆತ್ತವರು ಹೇಳಿದವರ ಕೈಗೇ ಮಗುವನ್ನು ಒಪ್ಪಿಸಿ. ‘ನಾನು ಇವಳ ಮಾಮ’ ಅಂದರೆ ಸಾಲದು, ಫೋನ್ ಮಾಡಿ ಕೇಳಿ. ಲೋಕಲ್ ರೈಲು ತಪ್ಪಿದರೆ ಇನ್ನೊಂದು ಬರುತ್ತೆ ಬಿಡಿ.

ಮಗು ಏನಾದರೂ ಕೆಟ್ಟದ್ದು ನಡೆದಿದೆ ಅಂತ ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳಿ. ಕೆದಕಬೇಡಿ, ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಅದು ಹೇಳಿದ ಮಾತಲ್ಲೇ ಬರೆದಿಡಿ. ಲೈಂಗಿಕ ದೌರ್ಜನ್ಯವಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ ಕಲಂ 19ರಂತೆ ಪೊಲೀಸರಿಗೆ ತಿಳಿಸಲೇಬೇಕು. ಸಂಘದ ಮರ್ಯಾದೆ ಅಂತ ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಮಗುವಿನ ಹೆಸರು ಮಾತ್ರ ವಾಟ್ಸಾಪ್ ಗುಂಪಿಗೆ ಬರಕೂಡದು.