ರಾಗಿ ಕಾಗದ, ಟೊಮೆಟೊ ಕಾಗದ: ಏಜೆಂಟ್ ಇಲ್ಲದೆ ಕೋಲಾರದಿಂದ ಜರ್ಮನಿಗೆ

ನರ್ಸ್ ಕೆಲಸಕ್ಕೆ ಜರ್ಮನಿಗೆ ಬಂದೆ. ಮದುವೆ, ಇದ್ದ ಕೆಲಸಕ್ಕೆ ರಾಜೀನಾಮೆ, ಜರ್ಮನ್ ಭಾಷೆಯ ಬಿ2 ಮಟ್ಟದ ಪರೀಕ್ಷೆ, ವೀಸಾ, ಹೊಸ ಮನೆ. ಎಲ್ಲವೂ ಹೆಚ್ಚುಕಮ್ಮಿ ಒಂದೇ ವರ್ಷದಲ್ಲಿ ಮುಗಿಯಿತು. "ಏಜೆಂಟ್ ಇಲ್ಲದೆ ಇದು ಆಗೋ ಮಾತಲ್ಲ" ಅಂದಿದ್ದವರಲ್ಲಿ ನಾಲ್ಕು ಜನ ಈಗ ಫೋನ್ ಮಾಡಿ ಕಾಗದಗಳ ಪಟ್ಟಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಒಪ್ಪಿಸುವ ಬದಲು ಒಂದೇ ಸಲ ಬರೆದು ಮುಗಿಸುತ್ತೇನೆ. ಓದುವವರು ನರ್ಸಿಂಗ್ ಮುಗಿಸಿ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಆದವರು ಅಂತಲೇ ಇಟ್ಟುಕೊಂಡಿದ್ದೇನೆ. ಅನೆರ್ಕೆನ್ನುಂಗ್, ಅಂದರೆ ನಮ್ಮ ನರ್ಸಿಂಗ್ ಓದಿಗೆ ಜರ್ಮನಿ ಕೊಡುವ ಮಾನ್ಯತೆ, ಅದರ ಪಾಠ ಇಲ್ಲಿಲ್ಲ.

ನನ್ನ ವಿಧಾನ ಇಷ್ಟೇ. ಕಾಗದಗಳಲ್ಲಿ ಎರಡು ಜಾತಿ. ಹಗೇವಿಗೆ ಹಾಕಿದ ರಾಗಿಯಂತೆ ವರ್ಷಗಟ್ಟಲೆ ಕೆಡದವು ಒಂದು: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಗ್ರಿ, ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯಗಳ ವಿವರದ ಹಾಳೆ), ಜನನ ಪ್ರಮಾಣಪತ್ರ. ಎಪಿಎಂಸಿಗೆ ಹೋದ ಟೊಮೆಟೊದಂತೆ ದಿನ ಕಳೆದರೆ ಕೊಳೆಯುವವು ಇನ್ನೊಂದು: ಪೊಲೀಸ್ ಕ್ಲಿಯರೆನ್ಸ್, ಮೆಡಿಕಲ್ ಫಿಟ್‌ನೆಸ್, ಕೌನ್ಸಿಲ್‌ನ ಗುಡ್ ಸ್ಟ್ಯಾಂಡಿಂಗ್ (ನಮ್ಮ ಮೇಲೆ ಯಾವ ದೂರೂ ಇಲ್ಲ ಎಂಬ ಪತ್ರ). ಈ ಮೂರನ್ನೂ ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹಳೆಯದಾದರೆ ಒಪ್ಪಲ್ಲ. ನಮ್ಮವರು ಮಾಡುವ ತಪ್ಪು ಇಲ್ಲೇ. ಉತ್ಸಾಹದಲ್ಲಿ ಮೊದಲ ವಾರವೇ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ 500 ರೂಪಾಯಿ ಕಟ್ಟಿ ಪೊಲೀಸ್ ಕ್ಲಿಯರೆನ್ಸ್ ತರುತ್ತಾರೆ. ಬಿ2 ಮುಗಿಯುವಷ್ಟರಲ್ಲಿ ಅದು ರದ್ದಿ. ನಾನೂ ಒಂದು ಸಲ ಹಾಗೇ ಮಾಡಿ ಎರಡನೇ ಸಲ ಕಟ್ಟಿದೆ. ಆಮೇಲೆ ಹೊರಡುವ ತಿಂಗಳನ್ನು ಕ್ಯಾಲೆಂಡರಿನ ಕೊನೆಯಲ್ಲಿ ಬರೆದು ಅಲ್ಲಿಂದ ಹಿಂದಕ್ಕೆ ಎಣಿಸಿದೆ. ರಾಗಿ ಕಾಗದವೆಲ್ಲ ಮೊದಲ ನಾಲ್ಕು ತಿಂಗಳಲ್ಲಿ, ಟೊಮೆಟೊ ಕಾಗದವೆಲ್ಲ ಕೆಲಸದ ಕರಾರು ಕೈಗೆ ಬಂದ ಮೇಲೆ.

ರಾಗಿ ಕಾಗದದಲ್ಲಿ ಅತಿ ದೊಡ್ಡ ತಲೆನೋವು ಹೆಸರು. ನಮ್ಮ ಕಡೆ ಹೆಸರಿಗೆ ಎರಡು ಇನಿಷಿಯಲ್, ಮೊದಲನೆಯದು ಊರು, ಎರಡನೆಯದು ಅಪ್ಪ. ಅಂಕಪಟ್ಟಿಯಲ್ಲಿ ಬರೀ ಅಕ್ಷರ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಕಲು ಬಿಡಲ್ಲ, ಬಿಡಿಸಿ ಬರೆಯಬೇಕು. ಆಧಾರಿನಲ್ಲಿ ಮೂರನೇ ರೀತಿ. ನರ್ಸಿಂಗ್ ಸರ್ಟಿಫಿಕೇಟಿನಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗಿಗೆ ಒಂದು 'ಹೆಚ್' ಜಾಸ್ತಿ. ನಮಗೆ ಇದೊಂದು ವಿಷಯವೇ ಅಲ್ಲ. ಅಲ್ಲಿನ ಗುಮಾಸ್ತರಿಗೆ ಇದು ನಾಲ್ಕು ಬೇರೆ ಬೇರೆ ಹೆಂಗಸರು. ನೋಟರಿಯ ಬಳಿ ಎರಡು ಪುಟದ ಅಫಿಡವಿಟ್ ಮಾಡಿಸಿ ಕಳಿಸಿದ್ದು ಪ್ರಶ್ನೆ ಹೊತ್ತು ವಾಪಸ್ ಬಂತು. ಕೊನೆಗೆ ದಾರಿ ಆದದ್ದು ಹೀಗೆ: ಪಾಸ್‌ಪೋರ್ಟಿನ ಹೆಸರೇ ಮೂಲ ಅಂತ ಇಟ್ಟುಕೊಂಡು, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪ್ರಿನ್ಸಿಪಾಲರಿಂದ ಆರೇ ಸಾಲಿನ ಪತ್ರ. ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನಾಂಕ, ರಿಜಿಸ್ಟರ್ ನಂಬರ್, ಎರಡೂ ಹೆಸರು, ಯಾವ ಅಕ್ಷರ ಊರು, ಯಾವುದು ತಂದೆಯ ಹೆಸರು. ಅದರ ಹಿಂದೆ ಒಂದು ಪುಟದ ಅಫಿಡವಿಟ್. ಕಳಿಸುವ ಪ್ರತಿ ಕಾಗದದ ಸೆಟ್ಟಿಗೂ ಇದೇ ಮೊದಲ ಪುಟ. ಆಮೇಲೆ ಹೆಸರಿನ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ. ಮದುವೆ ಆದವರಿಗೆ ಒಂದು ಮಾತು: ಕಾಗದ ಓಡಾಡುತ್ತಿರುವಾಗ ಹೆಸರಿಗೆ ಗಂಡನ ಹೆಸರು ಅಂಟಿಸಲು ಹೋಗಬೇಡಿ. ಅತ್ತೆ ಮನೆಯವರು ಏನೇ ಅನ್ನಲಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆ ಪ್ರಮಾಣಪತ್ರ ಸಾಕು.

ಆರು ಸಾಲು ಅಂತ ಒತ್ತಿ ಹೇಳಿದ್ದಕ್ಕೆ ಕಾರಣ ದುಡ್ಡು. ಜರ್ಮನಿಯಲ್ಲಿ ಪ್ರಮಾಣ ಮಾಡಿದ ಅನುವಾದಕರು ಸಾಮಾನ್ಯವಾಗಿ ಪುಟಕ್ಕಲ್ಲ, ಸಾಲಿಗೆ ರೇಟು ಹಾಕುತ್ತಾರೆ. 55 ಅಕ್ಷರಕ್ಕೆ ಒಂದು ಸಾಲು ಎಂಬ ಲೆಕ್ಕ. ನಮ್ಮ ವಕೀಲರ "ಈ ಮೂಲಕ ಸತ್ಯಪ್ರಮಾಣ ಮಾಡಿ" ಶೈಲಿಗೆ ಯೂರೋದಲ್ಲಿ ದುಡ್ಡು ಬೀಳುತ್ತದೆ. ಮೊದಲು ಬೆಂಗಳೂರಿನಲ್ಲಿ ಅಗ್ಗಕ್ಕೆ ಅನುವಾದ ಮಾಡಿಸಿದ್ದೆ, 14 ಸಾವಿರ ಆಗಿತ್ತು. ಪ್ರಮಾಣೀಕೃತ ಅನುವಾದಕರಲ್ಲ ಅಂತ ಒಂದೇ ಸಾಲಿನ ಮೇಲ್‌ನಲ್ಲಿ ಎಲ್ಲವೂ ಹೋಯಿತು.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಅಪಾಸ್ಟಿಲ್, ಅಂದರೆ ಕಾಗದ ಅಸಲಿ ಅಂತ ಬೇರೆ ದೇಶಕ್ಕೆ ತೋರಿಸಲು ಸರ್ಕಾರ ಅಂಟಿಸುವ ಸ್ಟಿಕ್ಕರು. ಭಾರತ 2005ರಿಂದ ಅಪಾಸ್ಟಿಲ್ ಒಪ್ಪಂದದಲ್ಲಿದೆ, ಹಾಗಾಗಿ ಎಲ್ಲ ದೇಶಕ್ಕೂ ನಡೆಯುತ್ತದೆ ಅಂತ ಹೇಳಿ ಒಂದು ಕಡೆ ಮೂರು ಕಾಗದಕ್ಕೆ 9 ಸಾವಿರ ಈಸಿಕೊಂಡರು. ಆದರೆ ಭಾರತ ಸೇರಿದ್ದಕ್ಕೆ ಜರ್ಮನಿ ಆಕ್ಷೇಪ ಹಾಕಿದೆ, ಈ ಎರಡು ದೇಶಗಳ ನಡುವೆ ಅಪಾಸ್ಟಿಲ್ ನಡೆಯುವುದೇ ಇಲ್ಲ. ಆ ಸ್ಟಿಕ್ಕರನ್ನು ಅಲ್ಲಿ ಯಾರೂ ತಿರುಗಿಯೂ ನೋಡಲಿಲ್ಲ.

ಇನ್ನು ಗಂಟೆಗಳ ಲೆಕ್ಕ. ಜರ್ಮನ್ ನರ್ಸಿಂಗ್ ತರಬೇತಿಯಲ್ಲಿ 2,100 ಗಂಟೆ ಪಾಠ, 2,500 ಗಂಟೆ ಪ್ರಾಯೋಗಿಕ. ಅವರು ನಮ್ಮ ಟ್ರಾನ್ಸ್‌ಕ್ರಿಪ್ಟನ್ನು ಇದರ ಪಕ್ಕ ಇಟ್ಟು ನೋಡುತ್ತಾರೆ. ಅಂಕ ಎಷ್ಟು ಅನ್ನುವುದು ಅವರಿಗೆ ಬೇಡ. ನಮ್ಮ ಹಾಳೆಯಲ್ಲಿ ಇರುವುದು ಬರೀ ಅಂಕವಾದರೆ ಎಷ್ಟು ಡ್ಯೂಟಿ ಮಾಡಿದ್ದರೂ ಲೆಕ್ಕಕ್ಕಿಲ್ಲ. ವಿಷಯವಾರು ಥಿಯರಿ ಗಂಟೆ, ಕ್ಲಿನಿಕಲ್ ಗಂಟೆ, ವಾರ್ಡಿನ ಹೆಸರು ಇರುವ ಕೋಷ್ಟಕವನ್ನು ಕಾಲೇಜಿನಿಂದ ಸೀಲು ಹಾಕಿಸಿ ತರಬೇಕು. ಮಕ್ಕಳ ವಾರ್ಡು, ಮಾನಸಿಕ ರೋಗ ವಿಭಾಗ, ಹಿರಿಯರ ಆರೈಕೆ, ಮನೆ ಮನೆ ಭೇಟಿಯ ಕಮ್ಯುನಿಟಿ ಪೋಸ್ಟಿಂಗ್ ಬೇರೆ ಬೇರೆ ಸಾಲಾಗಿರಲಿ. ಇಡೀ ಸಿಲಬಸ್ ಅನುವಾದ ಮಾಡಿಸಿದರೆ ಲಕ್ಷ ಮುಟ್ಟುತ್ತದೆ. ಕೋಷ್ಟಕ ಎರಡು ಪುಟದಲ್ಲಿ ಮುಗಿಯುತ್ತದೆ. ಕೆಲಸದ ಅನುಭವ ಪತ್ರದಲ್ಲೂ "ಸ್ಟಾಫ್ ನರ್ಸ್ ಆಗಿ ಸೇವೆ" ಅಂತ ಮಾತ್ರ ಬರೆಸಿದರೆ ಉಪಯೋಗವಿಲ್ಲ. ಯಾವ ವಿಭಾಗ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ ಅನ್ನುವುದು ಬೇಕು, ಏಕೆಂದರೆ ಕೊರತೆ ಬಿದ್ದ ಗಂಟೆಯನ್ನು ಅನುಭವದಿಂದ ತುಂಬಿಸಿಕೊಳ್ಳುವ ಅವಕಾಶವಿದೆ. ಆ ಕೋಷ್ಟಕದ ನನ್ನ ನಮೂನೆಯನ್ನೂ, ಜರ್ಮನಿಯ ಹದಿನಾರು ರಾಜ್ಯಗಳಲ್ಲಿ ಯಾವುದಕ್ಕೆ ಅರ್ಜಿ ಹಾಕಿದೆ ಅನ್ನುವುದನ್ನೂ ಇಲ್ಲಿ ಬರೆಯಲ್ಲ. ಅದಕ್ಕೆ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ.

ಇಷ್ಟಾದರೂ ಕೊರತೆ ಇದೆ ಅಂತಲೇ ಉತ್ತರ ಬರುವುದು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಅಲ್ಲಿ ಹೋಗಿ ಹೊಂದಾಣಿಕೆ ತರಬೇತಿ ಮಾಡಬಹುದು, ಇಲ್ಲವೇ ಜ್ಞಾನ ಪರೀಕ್ಷೆ ಕೊಡಬಹುದು. ಪರೀಕ್ಷೆ ಬೇಗ ಮುಗಿಯುತ್ತದೆ, ಆದರೆ ಫೇಲಾದರೆ ಮತ್ತೆ ಕೊಡಲು ಒಂದೇ ಅವಕಾಶ. ನಾನು ತರಬೇತಿ ಹಿಡಿದೆ.

ಭಾಷೆಯ ಬಗ್ಗೆ ಚಿಕ್ಕದಾಗಿ. ಬಿ1ಕ್ಕೇ ಕರೆಸಿಕೊಳ್ಳುವವರಿದ್ದಾರೆ, ಆದರೆ ಲೈಸೆನ್ಸಿಗೆ ಬಿ2 ಬೇಕೇ ಬೇಕು, ಅದನ್ನು ಊರಲ್ಲೇ ಮುಗಿಸಿ. ಇಂದಿರಾನಗರದ ಗೋಥೆ ಕೇಂದ್ರದ ಬಿ2 ಪರೀಕ್ಷೆಯಲ್ಲಿ ನಾಲ್ಕು ಭಾಗ, ಒಂದೊಂದಕ್ಕೂ ನೂರಕ್ಕೆ 60. ಫೇಲಾದ ಭಾಗವನ್ನಷ್ಟೇ ಮತ್ತೆ ಕಟ್ಟಬಹುದು. ನನ್ನದು ಕೇಳಿಸಿಕೊಳ್ಳುವುದರಲ್ಲಿ ಹೋಯಿತು. ತರಗತಿ ಆಡಿಯೋ ಬಿಟ್ಟು ಕೋಲಾರ-ಬೆಂಗಳೂರು ಬಸ್ಸಿನಲ್ಲಿ ಜರ್ಮನ್ ರೇಡಿಯೋ ಸುದ್ದಿ ಹಾಕಿಕೊಂಡು ಕೂತೆ. ಆ ಗದ್ದಲದಲ್ಲಿ ಅರ್ಥವಾದರೆ ಹಾಲ್‌ನಲ್ಲಿ ಆಗೇ ಆಗುತ್ತದೆ. ಎರಡನೇ ಸಲ ದಾಟಿತು.

ವೀಸಾಕ್ಕೆ ಕೆಲಸ ಕೊಡುವವರಿಂದಲೇ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ತ್ವರಿತ ಪ್ರಕ್ರಿಯೆಗೆ ಹಾಕಿಸಿ. ಶುಲ್ಕ 411 ಯೂರೋ, ಅವರೇ ಕಟ್ಟಿದರು, ಕೇಳಬೇಕು ಅಷ್ಟೇ. ಆ ಕಚೇರಿಯ ಪೂರ್ವಾನುಮತಿ ಪತ್ರ ಬಂದರೆ ಬೆಂಗಳೂರಿನಲ್ಲಿ ವೀಸಾ ಅಪಾಯಿಂಟ್‌ಮೆಂಟ್ ಸುಮಾರು ಮೂರು ವಾರದೊಳಗೆ ಸಿಗುತ್ತದೆ. ಅದಿಲ್ಲದೆ ಸಾಲಿನಲ್ಲಿ ನಿಂತವರ ಟೊಮೆಟೊ ಎಲ್ಲ ಕೊಳೆತಿದ್ದು ನೋಡಿದ್ದೇನೆ. ವೀಸಾ ಶುಲ್ಕ 75 ಯೂರೋ.

ಖರ್ಚು, ನೆನಪಿನ ಮೇಲೆ: ಕ್ಲಾಸು 75 ಸಾವಿರ, ಪರೀಕ್ಷೆಗಳು 35, ಸರಿಯಾದ ಅನುವಾದ 55, ಕಾಲೇಜು-ಕೌನ್ಸಿಲ್ ಓಡಾಟ 12, ಮಾನ್ಯತೆ ಶುಲ್ಕ 25, ವೀಸಾ ಮತ್ತು ಚಿಲ್ಲರೆ 10, ವಿಮಾನ 45, ದಂಡವಾಗಿ ಹೋದದ್ದು 23. ಸುಮಾರು 2 ಲಕ್ಷ 80 ಸಾವಿರ. ನನಗೆ ಏಜೆಂಟರು ಹೇಳಿದ್ದು ಬರೀ ಅವರ ಕೈಗೇ 4 ಲಕ್ಷ. ನಮ್ಮ ವಲಸೆ ಕಾಯ್ದೆಯ ನಿಯಮದಂತೆ ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದದ್ದು ಗರಿಷ್ಠ 30 ಸಾವಿರ ಮತ್ತು ಜಿಎಸ್‌ಟಿ. ಈ ಸಾಲನ್ನು ಜೋರಾಗಿ ಓದಿದ ಮೇಲೆ ಒಬ್ಬ ಏಜೆಂಟರು ಫೋನೇ ಎತ್ತುವುದನ್ನು ಬಿಟ್ಟರು.

ಹೊರಡುವ ಮುಂಚೆ ಊರಿನಲ್ಲಿ ಮುಗಿಸಲೇಬೇಕಾದದ್ದು ಮೂರು. ಜಮೀನು, ಸೈಟು ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮನೆಯವರೊಬ್ಬರಿಗೆ ಜಿಪಿಎ, ಅಂದರೆ ನಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ. ಹೊರಗೆ ಹೋಗಿ ಮಾಡಿದರೆ ಭಾರತೀಯ ಕಾನ್ಸುಲೇಟಿಗೆ ಓಡಬೇಕು, ಅದು ಭಾರತಕ್ಕೆ ತಲುಪಿದ ಮೂರು ತಿಂಗಳಲ್ಲಿ ಸ್ಟಾಂಪ್ ಮಾಡಿಸಬೇಕು. ಎರಡನೆಯದು ಬ್ಯಾಂಕಿನ ಎಸ್‌ಬಿ ಖಾತೆಯನ್ನು ಎನ್‌ಆರ್‌ಒ (ಹೊರದೇಶದಲ್ಲಿರುವವರ ಖಾತೆ) ಮಾಡಿಸುವ ಅರ್ಜಿ. ಮೂರನೆಯದು ಸಿಮ್. ವಿಮಾನ ಹತ್ತುವ ಮೊದಲೇ ರೋಮಿಂಗ್ ಆನ್ ಮಾಡಿಸಿ, ಬ್ಯಾಂಕಿನ ಓಟಿಪಿ, ಆಧಾರ್ ಓಟಿಪಿ ಎಲ್ಲ ಅದಕ್ಕೇ ಬರುವುದು. ಅಲ್ಲಿ ಕೂತು ಇದನ್ನು ಆನ್ ಮಾಡಲು ಹೊರಟರೆ ಅದಕ್ಕೂ ಓಟಿಪಿ ಕೇಳುತ್ತದೆ.

ಇಳಿದ ಮೇಲೆ ಮನೆ ಸಿಕ್ಕ ಎರಡು ವಾರದೊಳಗೆ ವಿಳಾಸ ನೋಂದಣಿ. ಅದಕ್ಕೆ ಮನೆ ಮಾಲೀಕರ ಸಹಿಯ ದೃಢೀಕರಣ ಬೇಕು, ಬಾಡಿಗೆ ಕರಾರು ಸಾಲದು. ನೋಂದಣಿ ಆದರೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಇಲ್ಲಿ ಮತ್ತೆ ಹೆಸರು ಕಾಲಿಗೆ ತೊಡರಿತು. ಅಂಚೆ ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ಹಾಕಲ್ಲ. ನಾನು ಊರಲ್ಲಿ ಕರೆಯುವ ಹೆಸರನ್ನು ಬರೆದು ಅಂಟಿಸಿದ್ದೆ, ಕವರಿನ ಮೇಲಿದ್ದದ್ದು ಪಾಸ್‌ಪೋರ್ಟಿನ ಉದ್ದ ಹೆಸರು. ಎರಡು ಪತ್ರ ವಾಪಸ್ ಹೋದ ಮೇಲೆ ಒಂದು ಅಂಗುಲದ ಚೀಟಿಯಲ್ಲಿ ಊರು, ಅಪ್ಪ, ನಾನು ಮೂರನ್ನೂ ಸಣ್ಣ ಅಕ್ಷರದಲ್ಲಿ ತುರುಕಿದೆ. ಮನೆಯ ಠೇವಣಿ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಕಾನೂನಿನಲ್ಲೇ ಇದೆ. ಯಾರೂ ತಾವಾಗಿ ಹೇಳಲ್ಲ. ಗಂಡ ಊರಲ್ಲೇ ಇದ್ದರೆ ಮದುವೆ ಆಗಿದ್ದರೂ ತೆರಿಗೆ ಒಂದನೇ ದರ್ಜೆ, ಅಂದರೆ ಒಂಟಿಯವರಿಗೆ ಹಾಕುವ ದರ್ಜೆ. ಸಂಬಳದ ಲೆಕ್ಕ ಹಾಕುವಾಗ ಅದನ್ನೇ ಇಟ್ಟುಕೊಳ್ಳಿ.

ಬ್ಯಾಗಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ತುಪ್ಪ, ಪೇಡ, ಹಾಲಿನದು ಯಾವುದೂ ಒಳಗೆ ಬಿಡಲ್ಲ. ಶ್ರೀನಿವಾಸಪುರದ ಮಾವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ತೆಂಗಿನಕಾಯಿಗೂ ಬಾಳೆಹಣ್ಣಿಗೂ ಬೇಡ. ಮೂರು ಕೆ.ಜಿ. ರಾಗಿ ಹಿಟ್ಟು ತಂದೆ. ಅಲ್ಯೂಮಿನಿಯಂ ಪಾತ್ರೆ ಇಂಡಕ್ಷನ್ ಒಲೆಗೆ ಹಿಡಿಯಲ್ಲ, ತಳಕ್ಕೆ ಅಯಸ್ಕಾಂತ ಅಂಟುವ ಸ್ಟೀಲ್ ಪಾತ್ರೆ ತನ್ನಿ. ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಕುದಿಯುವ ತನಕ ಒಲೆಯ ಉರಿ ಒಂಬತ್ತರಲ್ಲಿ, ಹಿಟ್ಟು ಹಾಕಿದ ತಕ್ಷಣ ಮೂರಕ್ಕೆ. ಇಲ್ಲದಿದ್ದರೆ ತಳ ಸೀಯುತ್ತದೆ, ಮೇಲೆ ಗಂಟು ಹಸಿಯಾಗೇ ಉಳಿಯುತ್ತದೆ. ಸಾರಿಗೆ ಒಣ ಅವರೆಕಾಳು ಬೇಯಿಸಲು ಹೋಗಿ ಕುಕ್ಕರು ಎಂಟು ವಿಶಲ್ ಹೊಡೆದರೂ ಕಾಳು ಕಲ್ಲಿನಂತೆಯೇ ಇತ್ತು. ನಮ್ಮೂರಿನ ಬೋರ್‌ವೆಲ್ಲಿನಂತೆ ಜರ್ಮನಿಯಲ್ಲಿ ನಾನಿರುವ ಕಡೆಯ ನಲ್ಲಿ ನೀರೂ ಗಡಸು. ರಾತ್ರಿ ನೆನೆಹಾಕುವ ನೀರಿಗೆ ಚಿಟಿಕೆ ಸೋಡ ಹಾಕಿದ ಮೇಲೆ ನಾಲ್ಕೇ ವಿಶಲ್.

ಈಗ ಗಂಡನ ಸೆಟ್ಟು ಶುರುವಾಗಿದೆ. ಮೊದಲ ಪುಟ ಅದೇ ಆರು ಸಾಲು. ಅವರಿಗೆ ಇನಿಷಿಯಲ್ ಮೂರು.