ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಚಾರ್ಜ್ ಆಗದ ನನ್ನ ಲ್ಯಾಪ್‌ಟಾಪ್

ಚಾರ್ಜರ್ ಸಿಕ್ಕಿಸಿದ್ದೇನೆ, ಪರದೆ ಬೆಳಗುತ್ತಿದೆ, ಕೆಲಸವೂ ನಡೆಯುತ್ತಿದೆ. ಆದರೆ ಮೂಲೆಯ ಬ್ಯಾಟರಿ ಗುರುತಿನ ಮೇಲೆ ಕರ್ಸರ್ ಒಯ್ದರೆ ‘ಶೇ. 37, ಚಾರ್ಜ್ ಆಗುತ್ತಿಲ್ಲ’ ಎನ್ನುತ್ತದೆ. ಊಟ ಮುಗಿಸಿ ಬಂದು ನೋಡಿದೆ, 37. ಒಂದು ನಿದ್ದೆ ತೆಗೆದು ಬಂದರೂ ಅದೇ 37.

ಎರಡು ವರ್ಷದ ಹಿಂದೆ ಇದೇ ಯಂತ್ರ ಶೇ. 80ಕ್ಕೆ ನಿಂತುಬಿಟ್ಟಾಗ ಗಾಬರಿಬಿದ್ದು ಕಡೆಗೆ ನಾಚಿಕೊಂಡಿದ್ದೆ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸದಾ ತುಂಬಿಸಿಯೇ ಇಟ್ಟರೆ ಬೇಗ ಸವೆಯುತ್ತದೆಂದು ತಯಾರಕರೇ ಕೊಟ್ಟಿದ್ದ ಮಿತಿ ಅದು. ಆನ್ ಮಾಡಿದ್ದವನು ನಾನೇ. ಆದರೆ 37ಕ್ಕೆ ಯಾರು ಮಿತಿ ಇಡುತ್ತಾರೆ? ಸೆಟ್ಟಿಂಗ್ ತೆರೆದು ನೋಡಿದೆ, 80 ಅಲ್ಲೇ ಇತ್ತು. ಅಡಿಭಾಗ ಮುಟ್ಟಿ ನೋಡಿದೆ. ಬ್ಯಾಟರಿಯ ಬಿಸಿ ಸುಮಾರು 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಮಾನ್ಯವಾಗಿ ಚಾರ್ಜಿಂಗ್ ತಾನಾಗಿ ನಿಲ್ಲುತ್ತದೆ. ನನ್ನದು ತಣ್ಣಗಿತ್ತು.

ಮುಂದಿನದು ಎಲ್ಲರೂ ಹೇಳುವ ಮದ್ದು. ಲ್ಯಾಪ್‌ಟಾಪ್ ಆರಿಸಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಇದು ಅಜ್ಜಿಮದ್ದಿನ ಹಾಗೆ ಕಂಡರೂ ಇದರಲ್ಲಿ ತಿರುಳಿದೆ. ಚಾರ್ಜ್ ಮಾಡಬೇಕೋ ಬೇಡವೋ ಎಂಬುದನ್ನು ನೋಡಿಕೊಳ್ಳುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್. ಅದು ಮಂಕುಬಡಿದಂತೆ ಕೂತಿದ್ದರೆ ಹೀಗೆ ಒತ್ತಿ ಹಿಡಿದಾಗ ಎಚ್ಚೆತ್ತುಕೊಳ್ಳುತ್ತದೆ. ನನ್ನದು ಎಚ್ಚೆತ್ತೇ ಇತ್ತೆಂದು ಕಾಣುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಬ್ಯಾಟರಿ ಡ್ರೈವರ್ ಅಳಿಸಿ ಮರಳಿ ತಂದೆ. ಅದರಿಂದಲೂ ಏನೂ ಆಗಲಿಲ್ಲ.

ಸರಿ, ಬ್ಯಾಟರಿಯ ಆಯುಷ್ಯ ಮುಗಿಯಿತು ಎಂದು ತೀರ್ಮಾನಿಸಿ ಹೊಸದೊಂದನ್ನು ಆನ್‌ಲೈನ್ ಬುಟ್ಟಿಗೆ ಹಾಕಿಯೂ ಆಯಿತು. ಹಣ ಕಟ್ಟುವ ಮುನ್ನ ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ ಆಜ್ಞೆ ಕೊಟ್ಟು ಬ್ಯಾಟರಿ ವರದಿ ತೆಗೆದೆ. ಮೂಲ ಸಾಮರ್ಥ್ಯ 56,000 ಮಿಲಿವ್ಯಾಟ್ ಅವರ್, ಈಗ ಪೂರ್ತಿ ತುಂಬಿದರೆ 47,000. ಅಂದರೆ ಶೇ. 84ರಷ್ಟು ಉಳಿದಿದೆ. ಮೂರು ವರ್ಷ ದುಡಿದ ಬ್ಯಾಟರಿಗೆ ಇದು ಚೆನ್ನಾದ ಅಂಕವೇ. ಬುಟ್ಟಿ ಖಾಲಿ ಮಾಡಿದೆ.

ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತೆಗೆದು ಚಾರ್ಜರಿನ ತುದಿಗೆ ಹಿಡಿದೆ. ನನ್ನದರ ತುದಿ ದುಂಡನೆಯ ಕೊಳವೆ, ನಡುವೆ ಒಂದು ಸಣ್ಣ ಸೂಜಿ. ಹೊರಗಿನ ಲೋಹ ಋಣ, ಒಳಗೋಡೆ ಧನ; 19.5 ವೋಲ್ಟ್, ಕದಲದೆ ನಿಂತಿತ್ತು. ಮೀಟರಿನ ಮೊನೆ ನಡುವಿನ ಸೂಜಿಗೂ ಒಳಗೋಡೆಗೂ ಒಟ್ಟಿಗೆ ತಗಲದಂತೆ ನೋಡಿಕೊಳ್ಳಬೇಕು, ತಗಲಿದರೆ ಕೆಡದಿರುವುದೂ ಕೆಡಬಹುದು. ಆ 19.5 ನನ್ನ ಒಂದು ದಿನವನ್ನು ನುಂಗಿತು. ವೋಲ್ಟೇಜ್ ಸರಿಯಿದ್ದ ಮೇಲೆ ಚಾರ್ಜರ್ ನಿರಪರಾಧಿ ಎಂದುಕೊಂಡೆ, ಮದರ್‌ಬೋರ್ಡಿನ ಮೇಲೆ ಅನುಮಾನ ತಿರುಗಿತು.

ಆದರೆ ಒಂದು ವಿಷಯ ಕಣ್ಣೆದುರೇ ಇತ್ತು. ಚಾರ್ಜರ್ ಹಾಕಿದಾಗ ಯಂತ್ರ ಆಮೆಯಾಗುತ್ತಿತ್ತು. ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುತ್ತಿತ್ತು. ಕಿತ್ತು ಬ್ಯಾಟರಿಯ ಮೇಲೆ ಓಡಿಸಿದರೆ ಚುರುಕು. ಇದು ತಲೆಕೆಳಗಾದ ಲೆಕ್ಕ. ಬಯಾಸ್ (ವಿಂಡೋಸ್‌ಗೂ ಮೊದಲೇ ಶುರುವಾಗುವ, ಯಂತ್ರದ ಮೂಲ ತಂತ್ರಾಂಶ) ತೆರೆದು ಪವರ್ ಪುಟಕ್ಕೆ ಹೋದಾಗ ಅಡಾಪ್ಟರಿನ, ಅಂದರೆ ಚಾರ್ಜರಿನ, ವಿಧ ‘ತಿಳಿದಿಲ್ಲ’ ಎಂದಿತ್ತು.

ನಡುವಿನ ಆ ಸೂಜಿಯ ಕೆಲಸ ಆಗ ನೆನಪಾಯಿತು. ಅದರ ಮೂಲಕ ಶಕ್ತಿ ಹರಿಯುವುದಿಲ್ಲ, ‘ನಾನು 65 ವ್ಯಾಟಿನ ಅಡಾಪ್ಟರ್’ ಎಂಬ ಪರಿಚಯ ಹೋಗುತ್ತದೆ. ಪರಿಚಯ ಸಿಗದಿದ್ದರೆ ಲ್ಯಾಪ್‌ಟಾಪ್ ಹುಷಾರಾಗುತ್ತದೆ: ಎಷ್ಟು ಎಳೆದುಕೊಳ್ಳಬಹುದೋ ಗೊತ್ತಿಲ್ಲವೆಂದು ಪ್ರೊಸೆಸರಿನ ವೇಗ ತಗ್ಗಿಸಿ, ಬ್ಯಾಟರಿಗೆ ಏನನ್ನೂ ಕೊಡದೆ, ನಡೆಯುವುದಕ್ಕೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳುತ್ತದೆ. ಟೈಪ್-ಸಿ ಚಾರ್ಜರಿನಲ್ಲಿ ಈ ಮಾತುಕತೆ ಬೇರೆ ಬಗೆಯಲ್ಲಿ ನಡೆಯುತ್ತದೆ. ಅಲ್ಲೂ ಲ್ಯಾಪ್‌ಟಾಪಿಗೆ 18 ವ್ಯಾಟಿನ ಮೊಬೈಲ್ ಚಾರ್ಜರ್ ಸಿಕ್ಕಿಸಿದರೆ ಇಂಥದೇ ಮುನಿಸು ಕಾಣಬಹುದು.

ತುದಿಯ ಹತ್ತಿರ, ರಬ್ಬರ್ ಕುತ್ತಿಗೆ ಮುಗಿಯುವಲ್ಲಿ ಕೇಬಲನ್ನು ಬೆರಳಿನಿಂದ ಎಡಕ್ಕೆ ಬಾಗಿಸಿ ಹಿಡಿದೆ. ಕಿತ್ತಳೆ ದೀಪ ಹೊತ್ತಿತು. ಬಿಟ್ಟೆ, ಆರಿತು. ಮತ್ತೆ ಬಾಗಿಸಿದೆ, ಹೊತ್ತಿತು, ಶೇ. 38 ಆಗುವವರೆಗೂ ಹಿಡಿದೇ ಕೂತಿದ್ದೆ. ಕಚೇರಿಯ ಗೆಳೆಯನಿಂದ ಅದೇ ಮಾದರಿಯ ಅಡಾಪ್ಟರ್ ತಂದು ಹಾಕಿದೆ, ಬಯಾಸ್ ತಕ್ಷಣ ‘65 ವ್ಯಾಟ್’ ಎಂದಿತು. ಸಾಕೆಟ್, ಮದರ್‌ಬೋರ್ಡ್ ಎರಡೂ ಪಾರು. ಹೊಸ ಅಡಾಪ್ಟರ್ ಕೊಂಡೆ, ಬ್ಯಾಟರಿಯ ಬೆಲೆಯ ಅರ್ಧವೂ ಆಗಲಿಲ್ಲ.

ಕುತೂಹಲ ತಡೆಯದೆ ಹಳೆಯದನ್ನು ಗೋಡೆಯಿಂದ ಕಿತ್ತಿಟ್ಟು ಮಾರನೆಯ ದಿನ ಕುತ್ತಿಗೆ ಕತ್ತರಿಸಿದೆ. (ಕೇಬಲನ್ನು ಮಾತ್ರ. ಅಡಾಪ್ಟರಿನ ಡಬ್ಬಿ ತೆರೆಯುವ ಧೈರ್ಯ ನನಗಿಲ್ಲ, ಒಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಲ್ಲವು.) ಹೊರಗೆ ತಾಮ್ರದ ಎಳೆಗಳ ಹೆಣಿಗೆ, ಅದರೊಳಗೆ ಇನ್ನೊಂದು ಸುತ್ತು, ಎರಡೂ ಗಟ್ಟಿ. ಅವುಗಳ ನಡುವೆ ಕೂದಲಿಗಿಂತ ಸ್ವಲ್ಪ ದಪ್ಪದ ಒಂದೇ ತಂತಿ. ಅದರ ಹೊದಿಕೆ ಮಾತ್ರ ಹಾಗೇ ಇತ್ತು, ಒಳಗಿನ ತಾಮ್ರ ತುಂಡಾಗಿತ್ತು. ಹಾಸಿಗೆಯಲ್ಲಿ ಮಲಗಿ, ಲ್ಯಾಪ್‌ಟಾಪನ್ನು ಎದೆಯ ಮೇಲಿಟ್ಟುಕೊಂಡು, ಕೇಬಲನ್ನು ದಿಂಬಿಗೆ ಒತ್ತಿ ಮಡಿಸುತ್ತಿದ್ದದ್ದು ಅಲ್ಲಿಗೇ.