ರಂಜಕ ಸಾಲದಾದಾಗ ಭತ್ತದ ಪೈರು ಏನು ಮಾಡುತ್ತದೆ?

ಕರಾವಳಿ, ಮಲೆನಾಡಿನ ಹುಳಿ ಮಣ್ಣಿಗೆ ಡಿಎಪಿ ಹಾಕಿದರೂ ಅದರಲ್ಲಿನ ರಂಜಕದ ಬಹುಪಾಲನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಮಣ್ಣಲ್ಲಿದ್ದೂ ಬೇರಿಗೆ ದಕ್ಕುವುದಿಲ್ಲ. ಗದ್ದೆಯಲ್ಲಿ ಕಾಣುವುದು ಗಿಡ್ಡಗೆ ನಿಂತ, ತೆಂಡೆ ಒಡೆಯದ ಪೈರು. ಎಲೆ ಕಡುಹಸಿರಾಗಿರುವುದರಿಂದ ಎಲ್ಲ ಸರಿಯಿದೆ ಎಂದೇ ಅನಿಸಬಹುದು. ಒಳಗೆ ನಡೆಯುವ ಕೆಲಸವೇ ಬೇರೆ.

ಹಂತ 1: ಕೊರತೆ ತಿಳಿಯುವುದು
ರಂಜಕ ಸಾಕಷ್ಟಿದ್ದಾಗ ಎಸ್‌ಪಿಎಕ್ಸ್ ಪ್ರೋಟೀನ್‌ಗಳು ಪಿಎಚ್‌ಆರ್2 ಎಂಬ ಇನ್ನೊಂದು ಪ್ರೋಟೀನನ್ನು ಕಟ್ಟಿಹಾಕಿರುತ್ತವೆ. ಕೊರತೆಯಾದರೆ ಹಿಡಿತ ಸಡಿಲ. ಬಿಡುಗಡೆಯಾದ ಪಿಎಚ್‌ಆರ್2 ಡಿಎನ್‌ಎ ಮೇಲೆ ಕೂತು ಹಸಿವಿನ ಜೀನ್‌ಗಳನ್ನೆಲ್ಲ ಎಬ್ಬಿಸುತ್ತದೆ.

ಹಂತ 2: ಬೇರಿಗೆ ಸುದ್ದಿ ಮುಟ್ಟಿಸುವುದು
ಹೀಗೆ ಎದ್ದವುಗಳಲ್ಲಿ ಎಂಐಆರ್399 ಎಂಬ ಪುಟ್ಟ ಆರ್‌ಎನ್‌ಎ ಒಂದು. ಅದು ಎಲೆಯಿಂದ ಬೇರಿಗೆ ಇಳಿಯುವುದು ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಗಿಡಗಳಿಗೆ ಕಸಿ ಕಟ್ಟಿ ನೋಡಿದಾಗ ಖಚಿತವಾಯಿತು. ರಂಜಕ ಒಳಗೆಳೆಯುವ ಪ್ರೋಟೀನ್‌ಗಳನ್ನು ನಾಶಕ್ಕೆ ಗುರುತು ಹಾಕುವ ಪಿಎಚ್‌ಒ2 ತಯಾರಾಗದಂತೆ ಅದು ತಡೆಯುತ್ತದೆ. ಅಂದರೆ ಹೊಸದಾಗಿ ಕಟ್ಟುವುದರ ಜೊತೆಗೆ, ಇರುವುದನ್ನು ಕೆಡವುವುದನ್ನೂ ಗಿಡ ನಿಲ್ಲಿಸುತ್ತದೆ. ನನಗೆ ಇದೇ ಅತಿ ಜಾಣತನದ ನಡೆ ಎನಿಸುತ್ತದೆ.

ಹಂತ 3: ಉಳಿತಾಯ
ಹಳೆ ಎಲೆಯ ರಂಜಕ ಎಳೆ ಎಲೆಗೆ ಸಾಗುತ್ತದೆ. ಜೀವಕೋಶದ ಪೊರೆಯಲ್ಲಿ ರಂಜಕವಿರುವ ಕೊಬ್ಬಿನ ಒಂದು ಪಾಲು ತೆಗೆದು, ಗಂಧಕವಿರುವ ಕೊಬ್ಬನ್ನೂ ಸಕ್ಕರೆ ಅಂಶದ ಕೊಬ್ಬನ್ನೂ ಇಡುತ್ತದೆ.

ಹಂತ 4: ಬೇರು ಹರಡುವುದು
ಇಲ್ಲಿ ತಳಿಗೂ ತಳಿಗೂ ವ್ಯತ್ಯಾಸ. ಭಾರತ ಮೂಲದ ಕಸಲಾತ್ ಎಂಬ ಭತ್ತ ರಂಜಕ ಕಡಿಮೆಯಿದ್ದರೂ ನಿಭಾಯಿಸುತ್ತದೆ. ಅದರ 12ನೇ ವರ್ಣತಂತುವಿನ ಪಪ್1 ಭಾಗದಲ್ಲಿ ಪಿಸ್ಟಾಲ್1 ಎಂಬ ಜೀನ್ ಸಿಕ್ಕಿದ್ದು 2012ರಲ್ಲಿ ಪ್ರಕಟವಾಯಿತು. ಎಳೆ ಪೈರಿನಲ್ಲೇ ಬೇರು ಬೇಗ ಬೆಳೆಯುವಂತೆ ಮಾಡುವುದು ಇದೇ. ವಿಜ್ಞಾನಿಗಳು ಮಾದರಿಯಾಗಿ ಇಟ್ಟುಕೊಂಡಿದ್ದ ಜಪಾನಿನ ನಿಪ್ಪೊನ್‌ಬಾರೆ ತಳಿಯ ಜೀನೋಮಿನಲ್ಲಿ ಅದು ಇಲ್ಲವೇ ಇಲ್ಲ. ಬರೀ ಆ ಮಾದರಿಯಲ್ಲೇ ಹುಡುಕಿದ್ದರೆ ಸಿಗುವ ಮಾತೇ ಇರಲಿಲ್ಲ!

ಹಂತ 5: ಬೇಕಾದ ತಳಿಗೆ ತರುವುದು
ಇದು ತಳಿ ಅಭಿವೃದ್ಧಿ ಮಾಡುವವರ ಕೆಲಸ. ಈ ಗುಣವಿರುವ ಭತ್ತದೊಂದಿಗೆ ನಮ್ಮ ತಳಿಯನ್ನು ಅಡ್ಡ ಹಾಯಿಸಬೇಕು. ಸಸಿಯ ಎಲೆಚೂರಿನಿಂದ ಡಿಎನ್‌ಎ ತೆಗೆದು, ಜೀನ್ ಬಂದಿರುವ ಸಸಿಗಳನ್ನಷ್ಟೇ ಉಳಿಸಿಕೊಳ್ಳಬೇಕು. ಮತ್ತೆ ಮತ್ತೆ ನಮ್ಮ ತಳಿಯೊಂದಿಗೇ ಹಾಯಿಸಿದರೆ ಕಾಳಿನ ಗುಣ, ರುಚಿ ಬಹುಮಟ್ಟಿಗೆ ಮರಳುತ್ತವೆ. ಕೊನೆಯ ಪರೀಕ್ಷೆಯನ್ನು ಮಾತ್ರ ರಂಜಕ ಕಡಿಮೆಯಿರುವ ತಾಕಿನಲ್ಲೇ ಮಾಡಬೇಕು; ಗೊಬ್ಬರ ತುಂಬಿದ ಗದ್ದೆಯಲ್ಲಿ ಆ ಜೀನ್ ಇದ್ದ ಪೈರಿಗೂ ಇಲ್ಲದ್ದಕ್ಕೂ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.